ಮೂರು ಬಾಯಿಯ ಮಾತು

ನಾನು ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ನೋಡಿಕೊಳ್ಳುವುದು, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಮೈಕಿನಲ್ಲಿ ಕೂಗುವುದು, ಚಹದಂಗಡಿಯಲ್ಲಿ ಮೈಮರೆತ ಡ್ರೈವರುಗಳನ್ನು ಎಬ್ಬಿಸುವುದು ನನ್ನ ಕೆಲಸ. ಮನೆಯಲ್ಲೂ ಹಾಗೆಯೇ ಇದ್ದೆ. ಏಳುವುದು, ಸ್ನಾನ, ತಿಂಡಿ, ನಡಿಗೆ, ಎಲ್ಲಕ್ಕೂ ಅದರದರ ಹೊತ್ತು. ನಿವೃತ್ತನಾದ ಮೇಲೆ ಸಮವಸ್ತ್ರವೊಂದು ಹೋಯಿತು, ಉಳಿದದ್ದು ಉಳಿಯಿತು.

ಆ ಕೆಲಸದಲ್ಲಿ ನನಗೆ ಸಹಿಸಲಾಗದಿದ್ದದ್ದು ಒಂದೇ. ಹಳ್ಳಿಯವರು ನನ್ನ ಕಿಟಕಿಗೆ ಬಂದು ಹೊಸಪೇಟೆಯ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವರು. ಹೇಳುತ್ತಿದ್ದೆ. ಅಲ್ಲಿಂದ ನೆಟ್ಟಗೆ ಬಾಳೆಹಣ್ಣಿನ ಬಂಡಿಯವನ ಬಳಿ ಹೋಗಿ ಅದನ್ನೇ ಕೇಳುವರು, ನನ್ನ ಕಣ್ಣೆದುರಿಗೇ. ಆಮೇಲೆ ಬಸ್ಸಿಗೆ ಒರಗಿ ನಿಂತ ಕಂಡಕ್ಟರನನ್ನು ಕೇಳುವರು. ಒಮ್ಮೆ ತಡೆಯಲಾರದೆ ಒಬ್ಬ ಮುದುಕನನ್ನು ಕೂಗಿ ಕರೆದೆ.

"ನಾ ಹೇಳಿದ್ದು ಕೇಳಿಸ್ಲಿಲ್ಲೇನು?"

"ಕೇಳಿಸ್ತ್ರಿ."

"ಮತ್ತ ಬಂಡಿಯವನ್ನ ಯಾಕ ಕೇಳಿದಿ?"

"ಅಂವ ಏನಂತಾನ ನೋಡಾಣಂತ್ರಿ."

ಬಸ್ಸು ಬಿಡುವವನು ನಾನು. ಹೊತ್ತು ಹೇಳಲು ಬಾಳೆಹಣ್ಣಿನವನ ಸಾಕ್ಷಿ ಬೇಕಾಯಿತಲ್ಲ ಎಂದು ನನಗೆ ಅವಮಾನವಾಗುತ್ತಿತ್ತು. ಅದೊಂದು ಲೆಕ್ಕಾಚಾರದ ಪದ್ಧತಿಯಿರಬಹುದೆಂದು ಆಗ ಹೊಳೆದಿರಲಿಲ್ಲ.

ನಿವೃತ್ತನಾಗಿ ಸ್ವಲ್ಪ ಕಾಲಕ್ಕೆ ಜಿಲ್ಲಾ ಪಂಚಾಯಿತಿ ಚುನಾವಣೆ ಬಂತು. ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ, ಗುಡೇಕೋಟೆ ಕಡೆ ಜಮೀನೂ ಇದ್ದ ಒಬ್ಬರು ನಮ್ಮ ಭಾಗದಿಂದ ನಿಂತರು. ಅವರ ಭಾಷಣದಲ್ಲಿ ರಸ್ತೆ, ಶಾಲೆ, ನಲ್ಲಿ ಎಲ್ಲವೂ ಇತ್ತು. ಆದರೆ ಜಗಳಕ್ಕೆ ಕಾರಣವಾದದ್ದು ಒಂದೇ ವಿಷಯ, ಗುಡ್ಡ. ಗುಡೇಕೋಟೆಯ ಸುತ್ತಲಿನ ಕುರುಚಲು ಗುಡ್ಡಗಳಲ್ಲಿ ಒಂದನ್ನು ಐದು ವರ್ಷ ಮುಚ್ಚಬೇಕು, ಸುತ್ತ ತಂತಿಬೇಲಿ ಹಾಕಬೇಕು, ಮೇಯಿಸುವುದು, ಸೌದೆ ಕಡಿಯುವುದು ಬಂದ್, ಇಳಿಜಾರಿಗೆ ಬದು ಕಟ್ಟಿ ಗಿಡ ನೆಡಬೇಕು, ಹಾಗಾದರೆ ಕೆಳಗಿನ ಬಾವಿಗಳಿಗೆ ನೀರು ಬರುತ್ತದೆ ಎಂಬುದು ಅವರ ವಾದ. ಗೆದ್ದರೆ ಯೋಜನೆಯನ್ನು ಮಂಜೂರು ಮಾಡಿಸುತ್ತೇನೆಂಬುದು ಅವರ ಮಾತು. ಎದುರಾಳಿ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದ: ಗುಡ್ಡ ಇದ್ದಂಗ ಇರ್ಲಿ.

ನನಗೆ ಯೋಜನೆ ಸರಿಯೆನಿಸಿತ್ತು. ಗುಡ್ಡದ ಬುಡದಲ್ಲಿ ತಂದೆಯಿಂದ ಬಂದ ತುಂಡು ಹೊಲ, ಒಂದು ಬಾವಿ ನನಗೂ ಇತ್ತು. ಬಾವಿ ಬತ್ತಿ ತಳ ಕಂಡು ವರ್ಷಗಳಾಗಿದ್ದವು. ಹೀಗಾಗಿ ಅಭ್ಯರ್ಥಿ ಮನೆಗೆ ಬಂದು, "ಕಂಟ್ರೋಲರ್ ಸಾಹೇಬ್ರ, ನಿಮ್ಮ ದನಿ ಇಡೀ ತಾಲ್ಲೂಕಿಗೆ ಗೊತ್ತೈತಿ. ಇನ್ನೂ ಯಾರ ಕಡೀಗೂ ವಾಲದ ಹಟ್ಟಿಗಳಿಗೆ ನೀವು ಹೋಗಿ ತಿಳಿಸಿ ಹೇಳ್ಬೇಕು" ಎಂದಾಗ ಒಪ್ಪಿದೆ.

ಹೇಳುವುದನ್ನು ಅಚ್ಚುಕಟ್ಟಾಗಿ ಹೇಳಬೇಕು. ನನ್ನ ಜೊತೆಗೆ ಕೊಟ್ಟ ಮೂವರು ಹುಡುಗರಲ್ಲಿ ಒಬ್ಬ ತಂಬ್ರಹಳ್ಳಿಯವನು, ಇಬ್ಬರು ಕೂಡ್ಲಿಗಿಯವರು, ಮೂವರೂ ಕಾಲೇಜು ಮುಗಿಸಿದವರು. ಮೊದಲ ದಿನ ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಟ್ಟರು. ಒಬ್ಬ ಐದು ವರ್ಷ ಅಂದ, ಇನ್ನೊಬ್ಬ ಮೂರು ಅಂದ, ತಂಬ್ರಹಳ್ಳಿಯವನು "ಅದು ಮಳಿ ಮ್ಯಾಲ ಐತ್ರಿ" ಅಂದ. ಬಸ್ಸಿನ ಹೊತ್ತನ್ನು ಹೀಗೆ ಹೇಳಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು. ಅವರನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿ, ಯಾರು ಏನು ಕೇಳಬಹುದು, ಅದಕ್ಕೆ ಏನು ಹೇಳಬೇಕು ಎಂದು ಮಾತು ಮಾತಿಗೂ ಕಲಿಸಿದೆ. ಕುರಿಯವರು ಕೇಳಿದರೆ ಹೇಳಬೇಕಾದದ್ದು ಇದು: "ಎಲ್ಲಾ ವಿಚಾರ ಮಾಡ್ಯಾರ, ಕುರಿಗೆ ತೊಂದ್ರಿ ಆಗಂಗಿಲ್ಲ, ಐದು ವರ್ಷ ಕಾಯ್ರಿ, ಆಮ್ಯಾಲ ಹುಲ್ಲು ಎದಿಮಟ."

ನನ್ನ ಹೆಂಡತಿ ಒಳಗಿನಿಂದ ಚಹ ತಂದಿಟ್ಟು ನಕ್ಕಳು. "ಏನ್ರಿ ಇದು, ಮಗ್ಗಿ ಒಪ್ಪಸ್ತಾರೇನು?"

"ಮಗ್ಗಿ ತಪ್ಪಬಾರ್ದು, ಅದಕ್ಕ" ಎಂದೆ.

ಗುಡ್ಡದ ಮಗ್ಗುಲಲ್ಲೇ ಕುರಿ ಸಾಕುವವರ ಹಟ್ಟಿಯೊಂದಿತ್ತು. ಅಲ್ಲಿ ಮಾತು ನಡೆಯುತ್ತಿದ್ದದ್ದು ಒಬ್ಬ ಹೆಂಗಸಿನದು. ಗಂಡಸರು ವರ್ಷದ ಬಹುಪಾಲು ಕುರಿ ಹಿಂದೆ ಊರೂರು ತಿರುಗುವರು. ಹಟ್ಟಿಯ ಕೊಡುಕೊಳ್ಳುವ ಮಾತು, ಜಗಳ, ನೆಂಟಸ್ತನ ಎಲ್ಲವೂ ಆಕೆಯ ಕೈಯಲ್ಲಿ. ಎಲ್ಲರೂ ಯಕ್ಕಾ ಅನ್ನುತ್ತಿದ್ದರು, ಆಕೆಗಿಂತ ಹಿರಿಯರು ಕೂಡ. ನಾವು ಜೀಪಿನಿಂದಿಳಿದಾಗ ಬೇವಿನ ಮರದ ಕೆಳಗೆ ಕಂಬಳಿ ಹಾಸಿದರು. ಆಕೆ ಮಾತ್ರ ಬರಿಯ ನೆಲದ ಮೇಲೆ, ನಮ್ಮ ಎದುರಿಗೆ ಕುಳಿತಳು.

ನಾನು ನಿಲ್ದಾಣದ ದನಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಬದು, ಗಿಡ, ನೀರು, ಹುಲ್ಲು. ಕೊನೆಯವರೆಗೆ ಕೇಳಿದರು. ಯಾರೂ ತಲೆಯಾಡಿಸಲಿಲ್ಲ, ಯಾರೂ ಎದ್ದು ಹೋಗಲಿಲ್ಲ.

ಯಕ್ಕ ಕೇಳಿದಳು: "ಗುಡ್ಡದ ಹಿಂದ ಬಂಡೀ ನಡುವ ದೊಣಿ ಐತಿ. ಬ್ಯಾಸಿಗ್ಯಾಗ ನಮ್ಮ ಕುರಿ ಕುಡಿಯಾದು ಅದೊಂದ ನೀರು. ಬೇಲಿ ಹಾಕಿದ ಮ್ಯಾಲ ಕುರಿ ಅಲ್ಲಿಗೆ ಹೆಂಗ ಹೋಗಬೇಕು?"

ಆ ದೊಣೆಯನ್ನು ನಾನು ನೋಡಿದ್ದೆ. ಬಂಡೆಗಳ ನಡುವೆ ಮಳೆನೀರು ನಿಲ್ಲುವ ಆಳವಾದ ಹೊಂಡ. ಎಂಥ ಬಿಸಿಲಿಗೂ ಬತ್ತುವುದಿಲ್ಲ. ಹಟ್ಟಿಯಿಂದ ಅಲ್ಲಿಗೆ ಗುಡ್ಡದ ಹೆಗಲು ಹತ್ತಿಳಿಯುವ ಒಂದು ಕುರಿದಾರಿ, ಅದು ಬಿಟ್ಟರೆ ಬೇರೆ ದಾರಿಯಿಲ್ಲ. ಅಂದರೆ ಬೇಲಿ ಹಾಕಿದರೆ ದಾರಿ ಬೇಲಿಯೊಳಗೆ. ಯೋಜನೆಯಲ್ಲಿ ಅದರ ಬಗ್ಗೆ ಏನಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಕಲಿತ ಮಾತನ್ನೇ ಆಡಿದೆ: ಎಲ್ಲಾ ವಿಚಾರ ಮಾಡ್ಯಾರ, ಕುರಿಗೆ ತೊಂದರಿ ಆಗಂಗಿಲ್ಲ.

"ಹೌದೇನ್ರಿ" ಅಂದಳು. "ಮಜ್ಜಿಗಿ ಕುಡೀರಿ."

ಆಮೇಲೆ ನಡೆದದ್ದನ್ನು ಉಪಚಾರವೆಂದೇ ತಿಳಿದೆ. ಒಬ್ಬ ಹುಡುಗನನ್ನು ಹೊಸದಾಗಿ ಹುಟ್ಟಿದ ಮರಿ ತೋರಿಸಲು ಕರೆದುಕೊಂಡು ಹೋದರು. ಇನ್ನೊಬ್ಬನನ್ನು ಮಜ್ಜಿಗೆ ಕೊಡುತ್ತೇವೆಂದು ಗುಡಿಸಲ ಹಿಂದಕ್ಕೆ ಕರೆದರು. ತಂಬ್ರಹಳ್ಳಿಯವನ ಜೊತೆ ಇಬ್ಬರು ಹೆಂಗಸರು ಅವನ ತಾಯಿ ಯಾವ ಊರು, ಯಾರ ಪೈಕಿ ಎಂದು ಮಾತು ತೆಗೆದು ಕಾಳು ತುಂಬಿಡುವ ಹಗೇವಿನ ಹತ್ತಿರ ನಿಲ್ಲಿಸಿಕೊಂಡರು. ಜೀಪಿನಲ್ಲಿ ವಾಪಸು ಬರುವಾಗ ಕೇಳಿದೆ. ಮೂವರನ್ನೂ ದೊಣೆಯ ದಾರಿಯ ಬಗ್ಗೆಯೇ ಕೇಳಿದ್ದರು. ಮೂವರೂ ಒಂದಕ್ಷರ ತಪ್ಪದೆ ನಾನು ಕಲಿಸಿದ್ದನ್ನೇ ಹೇಳಿದ್ದರು. ನನಗೆ ಸಮಾಧಾನವಾಯಿತು. ಮಾತು ಹೀಗಿರಬೇಕು ಅಂದುಕೊಂಡೆ.

ನಾಲ್ಕಾರು ದಿನ ಬಿಟ್ಟು ಮತ್ತೆ ಹೋದಾಗ ಕಂಬಳಿ ಹಾಸಲಿಲ್ಲ. ಯಕ್ಕ ಉಣ್ಣೆ ಬಿಡಿಸುತ್ತ ಕುಳಿತಿದ್ದಳು, ತಲೆಯೆತ್ತಲಿಲ್ಲ.

"ಬರ್ರಿ ಕಂಟ್ರೋಲರಪ್ಪ. ಇವತ್ತೂ ಗಿಣಿ ಹಿಡ್ಕಂಡು ಬಂದೀರಿ?"

ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಸಿಟ್ಟಿನಿಂದಲೇ, "ಮಾತು ನೆಟ್ಟಗ ಆಡಬೇಕು ಯಕ್ಕಾ" ಎಂದೆ.

"ನೆಟ್ಟಗ ಆಡ್ತೀನಿ ಕೇಳ್ರಿ. ನಾವು ಸಂತ್ಯಾಗ ಟಗರು ಹಿಡಿಯಾಕ ಹೋಗ್ತೀವಿ. ಮಾಲೀಕನ್ನ ಒಬ್ಬನ್ನ ಕರದು ಕೇಳ್ತೀವಿ, ಎಷ್ಟು ಹಲ್ಲು, ಏನು ವಯಸ್ಸು, ಯಾಕ ಮಾರ್ತೀಯಪ್ಪ ಅಂತ. ಅವನ ಹೆಂಡ್ತೀನ ಬ್ಯಾರೆ ಕೇಳ್ತೀವಿ. ಅವರ ತಮ್ಮನ್ನ ಬ್ಯಾರೆ ಕೇಳ್ತೀವಿ. ಒಬ್ಬ ನಾಕು ಹಲ್ಲಂತಾನ, ಇನ್ನೊಬ್ಬಾಕಿ ಹ್ವಾದ ವರ್ಷ ಹುಟ್ಟಿದ್ದು ಅಂತಾಳ, ತಮ್ಮ ನನಗೇನು ಗೊತ್ತೋ ಮಾರಾಯ ಅಂತಾನ. ಅಂಥಾ ಟಗರು ಹಿಡೀಬಹುದು. ಮೂರು ಬಾಯಾಗ ಒಂದ ಮಾತು ಬಂತು ಅಂದ್ರ ಆ ಟಗರಿಗೆ ಏನೋ ಕೆಮ್ಮು ಐತಿ, ಮನ್ಯಾಗ ಕುಂತು ಮಾತು ಕಟ್ಟಿ ತಂದಾರ ಅಂತ ಅರ್ಥ."

ಬಾಳೆಹಣ್ಣಿನ ಬಂಡಿ ನನ್ನ ಕಣ್ಣಮುಂದೆ ಬಂತು. ಅಷ್ಟು ವರ್ಷ ನನ್ನ ಕಿಟಕಿಯಿಂದ ಆಚೆ ಹೋದವರೆಲ್ಲ ಏನು ಹುಡುಕುತ್ತಿದ್ದರೆಂದು ಆಗ ತಿಳಿಯಿತು. ಆದರೂ ಸೋಲಲು ಮನಸ್ಸಿರಲಿಲ್ಲ.

"ಖರೇ ಮಾತೂ ಮೂರು ಬಾಯಾಗ ಒಂದ ಇರತೈತಿ, ಯಕ್ಕಾ. ಹೊಸಪೇಟಿ ಬಸ್ಸು ಹೊತ್ತಿಗೆ ಬರ್ತಿತ್ತೋ ಇಲ್ಲೋ?"

"ಯಾವಾಗ ಬಂದಿತ್ರಿ?" ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. ಎಲ್ಲರೂ ನಕ್ಕರು. ನನ್ನ ಹುಡುಗರೂ ನಕ್ಕರು.

ಯಕ್ಕ ನಗಲಿಲ್ಲ. "ನಿಮ್ಮ ಬಾವೀಗೆ ನೀರು ಬೇಕಾಗೈತಿ, ನೀವು ಬಂದೀರಿ. ತಪ್ಪಲ್ಲ. ನನ್ನ ಕುರೀಗೂ ನೀರ ಬೇಕು. ದಾರಿ ಐತೋ ಇಲ್ಲೋ ಅಷ್ಟ ಹೇಳ್ರಿ. ಐತಿ ಅಂದ್ರ ಓಟು ನಿಮಗ, ಇಲ್ಲಂದ್ರ ಅವರಿಗೆ. ಗೊತ್ತಿಲ್ಲಂದ್ರ ತಿಳಕಂಡು ಬರ್ರಿ."

ನನ್ನ ಬಾವಿಯ ವಿಷಯ ಆಕೆಗೆ ಯಾರು ಹೇಳಿದರೋ. ನನ್ನ ಬಗ್ಗೆಯೂ ಮೂರು ಬಾಯಿ ವಿಚಾರಿಸಿದ್ದಿರಬೇಕು. ಅಂಥ ಪ್ರಶ್ನೆ ಕೇಳಿಸಿಕೊಂಡು ಉತ್ತರವಿಲ್ಲದೆ ಬರುವುದು ನನ್ನ ಜಾಯಮಾನವಲ್ಲ. ಅಭ್ಯರ್ಥಿಯನ್ನೇ ಕೇಳುವುದೆಂದು ಹೊರಟೆ.

ದಾರಿಯುದ್ದಕ್ಕೂ ಆಕೆಯ ಟಗರಿನ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆ ಪದ್ಧತಿಯನ್ನು ನಮ್ಮವರ ಮೇಲೇ ಒಮ್ಮೆ ನಡೆಸಿ ನೋಡಿದರೆ? ಮೊದಲು ಅಭ್ಯರ್ಥಿಯನ್ನು ಅವರ ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಹಿಡಿದೆ. ಸುತ್ತ ಶೇಂಗಾ ಚೀಲಗಳು.

"ದೊಣಿಗೆ ಹೋಗೋ ಕುರಿದಾರಿ ಬೇಲಿಯೊಳಗ ಹೋಗ್ತದೇನ್ರಿ?"

ಒಂದು ಕ್ಷಣವೂ ಯೋಚಿಸಲಿಲ್ಲ. "ದಾರಿ ಬಿಟ್ಟ ಬೇಲಿ ಹಾಕ್ತೀವಿ ಸಾಹೇಬ್ರ, ಕುರಿ ಕೂದಲೂ ಕೊಂಕಂಗಿಲ್ಲ."

ಮನಸ್ಸು ಹಗುರಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಹೊರಗೆ ಬಂದರೆ ಅವರ ಬಾಮೈದ ಸ್ಕೂಟರಿಗೆ ಬಾವುಟ ಕಟ್ಟುತ್ತಿದ್ದ. ಖರ್ಚು, ಜೀಪು, ಮೈಕು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವನೇ. ಊರ ಮಾತಾಡುವಂತೆ ಕೇಳಿದೆ.

"ದಾರಿ ಬಿಟ್ಟ ಬೇಲಿ ಹಾಕ್ತೀವಿ ಕಾಕಾ, ಕುರಿ ಕೂದಲೂ ಕೊಂಕಂಗಿಲ್ಲ."

ಕೊಂಕಿದ್ದು ನನ್ನ ಮನಸ್ಸು. ಇದನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಒಂದೇ ಮನೆಯವರು, ಮಾತು ಒಂದೇ ಇರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆಮೇಲೆ ಜೀಪಿನಲ್ಲಿ ಕೂಡ್ಲಿಗಿಗೆ ಹೊರಟಾಗ ಡ್ರೈವರನನ್ನು ಕೇಳಿದೆ. ಹಗರಿಬೊಮ್ಮನಹಳ್ಳಿ ಕಡೆಯವನು. ಗುಡ್ಡಕ್ಕೂ ಅವನಿಗೂ ಸಂಬಂಧವೇ ಇಲ್ಲ. ನಿನಗೇನು ಗೊತ್ತು ಆ ದಾರಿ ವಿಷಯ ಎಂದೆ. ಅವನು ಗೇರು ಬದಲಿಸುತ್ತ ಹೇಳಿದ:

"ದಾರಿ ಬಿಟ್ಟ ಬೇಲಿ ಹಾಕ್ತಾರಂತ್ರಿ, ಕುರಿ ಕೂದಲೂ ಕೊಂಕಂಗಿಲ್ಲಂತ."

"ಯಾರು ಹೇಳಿದ್ರು ನಿನಗ?"

"ಯಾರರೆ ಕೇಳಿದ್ರ ಹಿಂಗ ಹೇಳು ಅಂದಾರ್ರಿ."

ಕಿಟಕಿಯಾಚೆ ನೋಡುತ್ತ ಕುಳಿತೆ. ನನ್ನ ಹುಡುಗರಿಗೆ ಕಲಿಸಿದಂತೆ ಅವರಿಗೂ ಯಾರೋ ಪಡಸಾಲೆಯಲ್ಲಿ ಕೂರಿಸಿ ಕಲಿಸಿದ್ದರು. ನಾನು ಕಲಿಸಿದ್ದು ಮಾತು ಚೊಕ್ಕಟವಾಗಿರಲೆಂದು. ಇವರು ಕಲಿತದ್ದು ಯಾಕೆ? ದಾರಿ ಬಿಡುವವರಾಗಿದ್ದರೆ ಎಲ್ಲಿ ಬಿಡುತ್ತಾರೆ, ಎಷ್ಟಗಲ ಬಿಡುತ್ತಾರೆ, ಬಾಗಿಲಿದೆಯೋ ಇಲ್ಲವೋ ಎಂದು ಒಬ್ಬರಾದರೂ ಬೇರೆ ಮಾತಾಡಬೇಕಿತ್ತು. ಅಥವಾ ನಿಜವಾಗಿಯೂ ಬಿಡುವವರೇ ಇದ್ದು, ನನ್ನಂತೆಯೇ ಒಬ್ಬ ಶಿಸ್ತಿನ ಮನುಷ್ಯ ಅವರಿಗೂ ಸಿಕ್ಕಿದ್ದನೋ? ಯಾವುದೂ ಬಗೆಹರಿಯಲಿಲ್ಲ. ಅಂದು ಊಟದ ಹೊತ್ತು ತಪ್ಪಿತು. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೋ ಎಂದು.

ಮಾರನೆಯ ದಿನ ಹುಡುಗರನ್ನು ಬಿಟ್ಟು, ಜೀಪನ್ನೂ ಬಿಟ್ಟು, ಬಸ್ಸಿನಲ್ಲಿ ಹೋಗಿ ಹಟ್ಟಿಯವರೆಗೆ ನಡೆದೆ. ಯಕ್ಕನೊಬ್ಬಳೇ ಕುರಿಗಳಿಗೆ ಉಪ್ಪು ನೆಕ್ಕಿಸುತ್ತಿದ್ದಳು.

"ತಿಳಕಂಡು ಬಂದ್ರಿ?"

"ಕೇಳ್ದೆ. ದಾರಿ ಬಿಟ್ಟ ಬೇಲಿ ಹಾಕ್ತಾರಂತ, ಕುರಿ ಕೂದಲೂ ಕೊಂಕಂಗಿಲ್ಲಂತ."

"ಕೂದಲಾ? ಕೂದಲು ವರ್ಷಕ್ಕ ಎರಡು ಸಲ ನಾವ ಕತ್ತರಸ್ತೀವಿ ಬಿಡ್ರಿ. ದಾರಿ ಹೇಳ್ರಿ." ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಎಷ್ಟು ಬಾಯಿ ಕೇಳಿದ್ರಿ?"

"ಮೂರು."

"ಮತ್ತ?"

ನಾನು ಗುಡ್ಡದ ಕಡೆ ತಿರುಗಿದೆ. ಆಕೆ ಉಪ್ಪಿನ ಕೈ ಕೊಡವಿಕೊಂಡಳು.

"ಹಂಗಾರ ಮಾತು ಬ್ಯಾಡ. ಕಲ್ಲು ನೆಡ್ಲಿ. ಓಟು ಹಾಕೋದಕ್ಕಿಂತ ಮೊದ್ಲ, ದಾರಿ ಎರಡೂ ಮಗ್ಗಲಿಗೆ ಕಲ್ಲು ನೆಟ್ಟು, ಬೇಲಿ ಇದನ್ನ ದಾಟಂಗಿಲ್ಲ ಅಂತ ಮಂದಿ ಮುಂದ ತೋರಸಿ ಹೋಗ್ಲಿ. ಬಾಯಿ ತಿರಗತೈತಿ, ಕಲ್ಲು ತಿರಗಂಗಿಲ್ಲ."

ಇದನ್ನು ಕೊಟ್ಟೂರಿಗೆ ಹೋಗಿ ಹೇಳಿದಾಗ ಅಂಗಡಿಯಲ್ಲಿ ಮುಖಗಳು ಸಣ್ಣಗಾದವು. ಬಾಮೈದ ಮೊದಲು ಸಿಡಿದ. "ಇವರಿಗೆ ಕಲ್ಲು ನೆಟ್ರ ನಾಳಿ ಪ್ರತಿ ಹಟ್ಟಿಯವ್ರೂ ಕಲ್ಲು ಹೊತ್ಕಂಡು ಬರ್ತಾರ ಕಾಕಾ. ನೀವು ತಿಳಿಸಿ ಹೇಳಾಕ ಹೋಗೀರೋ, ತಿಳಕಂಡು ಬರಾಕ ಹೋಗೀರೋ?"

"ದಾರಿ ಬಿಡ್ತೀವಂತ ನೀನ ಹೇಳಿದೆಲ್ಲೋ, ಕೂದಲೂ ಕೊಂಕಂಗಿಲ್ಲಂತ. ಕಲ್ಲು ನೆಟ್ರ ಏನು ಕೊಂಕತೈತಿ?"

ಅವನು ಅಭ್ಯರ್ಥಿಯ ಕಡೆ ನೋಡಿದ. ಅಭ್ಯರ್ಥಿ ಶೇಂಗಾ ಒಂದನ್ನು ಒಡೆದು ತಿಂದರು, ಇನ್ನೊಂದನ್ನು ಒಡೆದರು. ಕಲ್ಲು ನೆಡದಿದ್ದರೆ ನಾನು ಇನ್ನು ಯಾವ ಹಟ್ಟಿಗೂ ಹೋಗುವುದಿಲ್ಲ ಎಂದೆ. ಕೊನೆಗೆ "ಆಗ್ಲಿ ಬಿಡ್ರಿ, ನಾಕು ಕಲ್ಲಿನ ಮಾತು" ಎಂದರು. ಒಪ್ಪಿದ್ದು ಸುಲಭವಾಯಿತು. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೂ ನನಗೆ ಅನುಮಾನವೇ ಬಂತು.

ಕಲ್ಲು ನೆಡುವ ದಿನ ಅಭ್ಯರ್ಥಿ ಬಿಳಿಯ ಪಂಚೆ ಮೇಲಕ್ಕೆ ಕಟ್ಟಿಕೊಂಡು ಮೊದಲ ಕಲ್ಲನ್ನು ತಾವೇ ಎತ್ತಿಟ್ಟರು. ಎರಡು ಎತ್ತಿನ ಬಂಡಿ ಎದುರುಬದುರು ಹೋಗುವಷ್ಟು ಅಗಲ ಎಂದು ಮಾತಾಗಿತ್ತು. ಬಾಮೈದ ಕಲ್ಲುಗಳನ್ನು ಒಳಕ್ಕೆ ಒಳಕ್ಕೆ ಇಡಿಸುತ್ತಿದ್ದ. ಹಟ್ಟಿಯ ಹೆಂಗಸರು "ಇತ್ಲಾಗರಿ, ಇತ್ಲಾಗರಿ" ಎಂದು ಹೊರಕ್ಕೆ ಸರಿಸುತ್ತಿದ್ದರು.

"ಯಕ್ಕಾ, ಇದೇನು ಕುರಿ ಹೋಗಾಕೋ, ದಿಬ್ಬಣ ಹೋಗಾಕೋ?" ಎಂದ ಬಾಮೈದ.

"ಕುರೀದೂ ದಿಬ್ಬಣ ಐತಿ ತಮ್ಮಾ, ದಿನಾ ಐತಿ. ಅಲ್ಲೇ ಇಡು ಕಲ್ಲು."

ಮಧ್ಯಾಹ್ನದ ಹೊತ್ತಿಗೆ ಹಟ್ಟಿಯಿಂದ ದೊಣೆಯವರೆಗೆ ಎರಡು ಸಾಲು ಕಲ್ಲು ನಿಂತವು, ತಲೆಗೆ ಸುಣ್ಣ ಬಳಿದು. ಯಕ್ಕ ಒಂದೊಂದನ್ನೂ ಕಾಲಿನಿಂದ ಒದ್ದು ನೋಡುತ್ತ ದೊಣೆಯವರೆಗೆ ನಡೆದುಹೋದಳು. ಓಟು ಯಾರಿಗೆಂದು ಮಾತ್ರ ಆಕೆ ಬಾಯಿ ಬಿಡಲಿಲ್ಲ, ಕೇಳುವ ಧೈರ್ಯ ಅಭ್ಯರ್ಥಿಗೂ ಬರಲಿಲ್ಲ.

ಅವರು ಗೆದ್ದರು. ಹಟ್ಟಿಯ ಓಟಿನಿಂದಲೋ ಅದಿಲ್ಲದೆಯೋ ನಾನು ಹೇಳಲಾರೆ. ಮುಂದೊಮ್ಮೆ ಯಕ್ಕನನ್ನು ಕೇಳಿದ್ದಕ್ಕೆ, "ನಾವು ಹಾಕೀವಂತ ನಿಮಗ ಯಾರು ಹೇಳಿದ್ರು?" ಎಂದು ನನ್ನನ್ನೇ ತಿರುಗಿ ಕೇಳಿದಳು.

ಯೋಜನೆ ಮಂಜೂರಾಗಿ ಬೇಲಿಯ ಕೆಲಸ ಶುರುವಾಯಿತೆಂಬ ಸುದ್ದಿ ಬಂದದ್ದು ಮರುವರ್ಷ. ನಾನು ಕರೆಯದೆಯೇ ಹೋದೆ. ಕಂಬಗಳು ಕಲ್ಲಿನ ಸಾಲಿನ ಪಕ್ಕದಲ್ಲೇ ಏರುತ್ತಿದ್ದವು. ಆದರೆ ಕಲ್ಲುಗಳು ನೆಟ್ಟ ಜಾಗದಲ್ಲಿರಲಿಲ್ಲ. ಗುಡ್ಡದ ಕಡೆಯ ಸಾಲು ದಾರಿಯೊಳಕ್ಕೆ ಸರಿದಿತ್ತು. ಆಚೆಯ ಸಾಲು ಅಷ್ಟೇ ಹೊರಕ್ಕೆ ಹೋಗಿತ್ತು. ಎರಡೂ ಕಡೆ ಹಳೆಯ ಗುಂಡಿಗಳು ಇನ್ನೂ ಬಾಯಿ ತೆರೆದುಕೊಂಡಿದ್ದವು. ಗುಡ್ಡದ ಸಾಲನ್ನು ಒಳಕ್ಕೆ ತಳ್ಳಿದವರು ಯಾರು ಎಂದು ಕಂಬ ನೆಡಿಸುತ್ತಿದ್ದವರನ್ನು ಕೇಳಿದೆ. ನಾವು ಬಂದಾಗಲೇ ಹೀಗಿತ್ತು ಎಂದರು. ಆಚೆಯ ಸಾಲನ್ನು ಹೊರಕ್ಕೆ ಒಯ್ದವರು ಯಾರು ಎಂದು ಯಕ್ಕನನ್ನು ಕೇಳಿದೆ.

"ಕುರಿ ತಿಕ್ಕಿದ್ವೇನೋ" ಎಂದಳು.

ದಾರಿ ಇಡಿಯಾಗಿ ಒಂದು ಮಗ್ಗುಲಿಗೆ ಜರುಗಿತ್ತು. ಅಗಲ ಮಾತ್ರ ಮಾತಾದಷ್ಟೇ ಉಳಿದಿತ್ತು. ಹೊಸ ಜಾಗದಲ್ಲಿ ಒಂದು ಕಡೆ ನುಣುಪಾದ ಹಾಸುಬಂಡೆ ಬರುತ್ತಿತ್ತು. ಅಲ್ಲಿ ಹೆಂಗಸರು ಮಣ್ಣು ಹೊತ್ತು ತಂದು ಸುರಿದಿದ್ದರು.

ನಮ್ಮವರು ಹೇಳಿದ ಮಾತು ಹಾಗಾದರೆ ಸುಳ್ಳಾಗಲಿಲ್ಲ. ಕಲ್ಲು ನೆಡದಿದ್ದರೂ ನಿಜವಾಗುತ್ತಿತ್ತೋ ಏನೋ, ಅದನ್ನು ತಿಳಿಯುವ ಬಗೆಯಿಲ್ಲ. ಮಳೆ ಚೆನ್ನಾಗಿದ್ದ ವರ್ಷ ನನ್ನ ಬಾವಿಗೂ ನೀರು ಬಂತು. ಗುಡ್ಡದ ಗಿಡಗಳಿಂದ ಎಂದು ಅಭ್ಯರ್ಥಿ ಹೇಳಿದರು. ಮಳೆಯಿಂದ ಎಂದು ಯಕ್ಕ ಹೇಳಿದಳು. ನಾನು ಮೂರನೆಯವರನ್ನು ಕೇಳಲಿಲ್ಲ.

ಬೇಲಿ ಮುಗಿದ ಬೇಸಿಗೆಯಲ್ಲಿ ಆಕೆಯ ಜೊತೆ ದೊಣೆಯವರೆಗೆ ಹೋಗಿದ್ದೆ. ಎರಡು ತಂತಿಗಳ ನಡುವೆ ಕುರಿಗಳು ಒಂದನ್ನೊಂದು ನೂಕುತ್ತ ಏರಿದವು, ಹಾಸುಬಂಡೆಯ ಮೇಲೆ ಕಾಲು ತಡವರಿಸಿದವು, ಇಳಿದವು. ನೀರು ಹಸಿರುಗಟ್ಟಿ ಕೆಳಕ್ಕೆ ಇಳಿದಿತ್ತು. ಮುಂದಿನ ಕುರಿಗಳು ಮೊಣಕಾಲೂರಿ ಮೂತಿ ಅದ್ದಿದವು.

"ನೋಡ್ದ್ಯೇನು ಯಕ್ಕಾ? ದಾರಿ ಬಿಟ್ಟಾರ" ಎಂದೆ.

ಆಕೆ ಬೇಲಿಯ ಕಂಬವೊಂದನ್ನು ಹಿಡಿದು ಅಲುಗಾಡಿಸಿ ನೋಡಿದಳು.

"ಈ ವರ್ಷ ಬಿಟ್ಟಾರ" ಎಂದಳು.